ರುಬ್ಬುಗುಂಡಿನ ಆಂಜನೇಯ

ಮೆಟ್ರೊ ನಮ್ಮ ಬೀದಿಯ ಮೇಲೇ ಹಾದುಹೋಗುತ್ತದೆ ಎಂದು ಗೊತ್ತಾದ ದಿನ ಇಪ್ಪತ್ತೆರಡು ಮನೆಯವರೂ ಸಭೆ ಸೇರಿದೆವು. ಊರಿಗೆ ಮೆಟ್ರೊ ಬೇಕೇ ಬೇಕು, ಆದರೆ ಅದು ಪಕ್ಕದ ಬೀದಿಯಲ್ಲಿ ಹೋಗಲಿ ಎಂಬುದಕ್ಕೆ ಎಲ್ಲರ ಒಪ್ಪಿಗೆಯಿತ್ತು.

ಉಪಾಯ ಹೇಳಿದವರು ನಿವೃತ್ತ ತಹಶೀಲ್ದಾರರು. "ಅರ್ಜಿ ಕೊಟ್ರೆ ಫೈಲ್ ಸೇರತ್ತೆ. ದೇವರಿದ್ರೆ ಯಾರೂ ಮುಟ್ಟಲ್ಲ."

ಅವರ ಹಿತ್ತಲಲ್ಲಿ ಬಿದ್ದಿದ್ದ ರುಬ್ಬುಗುಂಡಿಗೆ ಸಿಂಧೂರ ಬಳಿದು, ಬೆಳ್ಳಿ ಕಣ್ಣು ಅಂಟಿಸಿ, ಬೀದಿಯ ಕೊನೆಯ ಬೇವಿನ ಮರದಡಿ ನಿಲ್ಲಿಸಿದೆವು. 'ಉದ್ಭವ ಆಂಜನೇಯ' ಎಂದು ಬೋರ್ಡನ್ನೂ ಬರೆಸಿದೆವು. ಮೊದಲ ಶನಿವಾರ ಕೈಮುಗಿಯಲು ನಾವಷ್ಟೇ ಇದ್ದೆವು. ಆರನೆಯ ಶನಿವಾರದ ಹೊತ್ತಿಗೆ ಸಾಲು ಬಸ್ ನಿಲ್ದಾಣ ಮುಟ್ಟಿತ್ತು. ವಡೆಮಾಲೆ ಹಾಕಿಸುವವರಿಗೆ ಟೋಕನ್ ಕೊಡಬೇಕಾಯಿತು.

ವರ್ಷ ತುಂಬುವಷ್ಟರಲ್ಲಿ ಮೆಟ್ರೊ ಎಂಜಿನಿಯರ್ ಬಂದರು. ಶೂ ಬಿಚ್ಚಿಟ್ಟು, ಮೂರು ಸುತ್ತು ಬಂದು, ಪ್ರಸಾದದ ವಡೆ ತಿಂದು, ಕೇಳಿ ಇನ್ನೊಂದು ಹಾಕಿಸಿಕೊಂಡರು. ತಹಶೀಲ್ದಾರರ ಮುಖದಲ್ಲಿ ಆಗಲೇ ಗೆದ್ದ ಕಳೆಯಿತ್ತು.

"ಇಂಥ ಕ್ಷೇತ್ರದ ಮೇಲೆ ರೈಲು ಓಡಿಸ್ತೀರಾ ಸಾರ್?"

"ಛೆ ಛೆ, ಎಲ್ಲಾದ್ರೂ ಉಂಟಾ! ಲೈನನ್ನ ಪಕ್ಕದ ಬೀದಿಗೆ ತಿರುಗಿಸಾಯ್ತು."

ನಾವೆಲ್ಲ ಜೈಕಾರ ಹಾಕಿದೆವು. ಎಂಜಿನಿಯರ್ ಕೈಯ ಎಣ್ಣೆ ಒರೆಸಿಕೊಂಡು ನಕ್ಷೆ ಬಿಡಿಸಿದರು.

"ಸರ್ವೆ ಮಾಡಿಸಿದ್ವಿ. ಇಡೀ ಲೈನಲ್ಲಿ ಇಷ್ಟು ಜನ ಸೇರೋ ಜಾಗ ಇನ್ನೊಂದಿಲ್ಲ, ಅದಕ್ಕೇ ಲೈನ್ ಪಕ್ಕದಲ್ಲಿ ಹೋದ್ರೂ ದೊಡ್ಡ ಸ್ಟೇಷನ್ ಇಲ್ಲೇ ಬರತ್ತೆ. ಆಂಜನೇಯನ್ನ ಅಲ್ಲಾಡಿಸಲ್ಲ, ಸುತ್ತಲಿನ ಇಪ್ಪತ್ತೆರಡು ಮನೆ ಮಾತ್ರ ಒಡೀತೀವಿ."