ಗಿರಣಿಯ ನೂರನೆಯ ವರ್ಷದ ಹಾಡು

ಅಮೆರಿಕದ ಆ ಬಟ್ಟೆ ಗಿರಣಿಗೆ ನೂರು ವರ್ಷ ತುಂಬಿತ್ತು. ಮಾಲೀಕ ವಿಟ್ಕಾಂಬ್ ಸಮಾರಂಭಕ್ಕೆ ಡೀಲಿಯಾ ಎಂಬ ಹಾಡುಗಾರ್ತಿಯನ್ನು ಕರೆಸಿದ್ದ. ಬ್ಯಾಂಜೊ ನುಡಿಸುತ್ತ, ಹಳೆಯ ಜನಪದ ಹಾಡುಗಳಲ್ಲಿ ಊರೂರಿನ ಚರಿತ್ರೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುವವಳು ಆಕೆ.

"ನಿಮ್ಮ ಮುತ್ತಾತನ ಕಾಲದಲ್ಲಿ ಇಲ್ಲಿನ ಹೆಂಗಸರು ಮುಷ್ಕರ ಹೂಡಿದ್ರಲ್ಲ, ಅದರ ಹಾಡೂ ಇದೆ. ಹಾಡಲಾ ಸಾರ್?" ಎಂದು ಅವಳು ಮೊದಲೇ ಕೇಳಿದ್ದಳು.

"ಧಾರಾಳವಾಗಿ ಹಾಡಮ್ಮ," ಎಂದು ಅವನು ನಕ್ಕಿದ್ದ. "ಅವರಿಗೆ ಗುಂಡಿಗೆ ಇತ್ತು. ಈಗಿನವು ಬರೀ ಕುರಿಗಳು. ಹೋದ ತಿಂಗಳು ಊಟದ ಬಿಡುವು ಅರ್ಧಕ್ಕೆ ಇಳಿಸಿದೆ. ಒಂದಾದರೂ ಬ್ಯಾ ಅಂದಿತಾ?"

ಈಗ ಮುಂದಿನ ಸಾಲಿನಲ್ಲಿ ಕುಳಿತು, ನೇಯುವ ಹೆಂಗಸರು ಆ ಮುಷ್ಕರದ ಹಾಡಿನ ಪಲ್ಲವಿಗೆ ದನಿಗೂಡಿಸುವುದನ್ನು ಕೇಳುತ್ತ ಅವನು ಆಕಳಿಸಿದ. ಎಂಥ ಒಡಕು ಗಂಟಲುಗಳು!

"ಆವತ್ತು ಅವರು ಏಪ್ರನ್ ಬಿಚ್ಚಿ ನೆಲಕ್ಕೆ ಹಾಕಿ, ಹಾಡ್ತಾ ಗೇಟಿನಾಚೆ ನಡೆದರು," ಎಂದಳು ಡೀಲಿಯಾ. "ಬನ್ನಿ, ಹಾಗೇ ಮಾಡಿ ತೋರಿಸೋಣ."

ಹೆಂಗಸರೆಲ್ಲ ಎದ್ದರು. ಏಪ್ರನ್‌ಗಳು ರಾಶಿ ಬಿದ್ದವು. ಸಭಾಂಗಣ ಖಾಲಿಯಾಯಿತು. ವೇದಿಕೆಯ ಮೇಲೆ ಡೀಲಿಯಾ ಉಳಿದಳು; ಕೆಳಗೆ ವಿಟ್ಕಾಂಬ್ ಒಬ್ಬನೇ ಕುಳಿತು ಚಪ್ಪಾಳೆ ತಟ್ಟಿದ. ಪರವಾಗಿಲ್ಲ, ಕುರಿಗಳಿಗೆ ನಾಟಕವಾದರೂ ಬರುತ್ತದೆ!

ಸ್ವಲ್ಪ ಹೊತ್ತು ಕಾದ. ಯಾರೂ ವಾಪಸು ಬರಲಿಲ್ಲ. ಗೇಟಿನ ಕಡೆಯಿಂದ ಹಾಡು ಮಾತ್ರ ಜೋರಾಗುತ್ತಲೇ ಇತ್ತು.

"ಸಾಕಮ್ಮ, ಪಾಳಿ ಶುರುವಾಗೋ ಹೊತ್ತಾಯ್ತು. ನಿನ್ನ ಹಾಡು ನಿಲ್ಲಿಸಿ ಅವರನ್ನ ಒಳಗೆ ಕರಿ," ಎಂದು ರೇಗಿದ.

ಡೀಲಿಯಾ ಬ್ಯಾಂಜೊವನ್ನು ಪೆಟ್ಟಿಗೆಯಲ್ಲಿಟ್ಟು, ಒಂದು ಗಳಿಗೆ ಹೊರಗಿನ ದನಿಗೆ ಕಿವಿಗೊಟ್ಟಳು.

"ನನ್ನ ಹಾಡು ಆಗಲೇ ಮುಗೀತು ಸಾರ್. ಅವರು ಈಗ ಹಾಡ್ತಿರೋದರಲ್ಲಿ ನಿಮ್ಮ ಹೆಸರಿದೆ."