ಬೆಳಗಿನ ಗುಳಿಗೆ

ದಸ್ತಗೀರ ಚಾಚಾ ಬಚ್ಚಲಲ್ಲಿ ಜಾರಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡಿದ್ದಾರೆಂದು ಕೇಳಿ, ಆಫೀಸಿಗೆ ಹೊರಟಿದ್ದ ಬಸವಕಿರಣ ನೇರ ಅವರ ಮನೆಗೆ ನುಗ್ಗಿದ. ಕುಷಾಯಿಗೂಡದಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಬೀದರ ಕಡೆಯ ಚಾಚಾ ಅವನ ತಂದೆಯ ಜೊತೆ ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಲೆಗೆ ಪಟ್ಟಿ ಸುತ್ತಿಕೊಂಡೂ ನಗುತ್ತಿದ್ದರು.

"ರಾತ್ರಿ ಎಲ್ಲಿ ನಿದ್ದಿ, ಬೇಟಾ? ಹಾಸಿಗಿ ಬಿಟ್ರ ಬಚ್ಚಲಾ, ಬಚ್ಚಲಾ ಬಿಟ್ರ ಹಾಸಿಗಿ. ನಿದ್ದಿಗಣ್ಣಾಗ ಕಾಲು ಜಾರ್ತು."

"ಡಾಕ್ಟರಿಗೆ ಹೇಳಲಿಲ್ಲೇನ್ರಿ?"

"ವಯಸ್ಸಾತಲ್ಲ ಅಂತ ಸುಮ್ಮನಿದ್ದೆ. ಗುಳಿಗಿ ಏನೂ ತಪ್ಪಿಸಿಲ್ಲ. ನಿಮ್ಮ ಕಂಪನಿ ಮೇಲ್ ನೋಡೇ ತಗೊಳ್ಳಾಕತ್ತೀನಿ. ಎಷ್ಟು ಚಂದ ಉರ್ದು ಐತಿ ನೋಡು!"

ಅವರು ಫೋನು ಮುಂದೆ ಹಿಡಿದ ಗತ್ತು ನೋಡಿದರೆ ಬಸವಕಿರಣ ಅವರದೇ ಮಗನೆನ್ನಬೇಕು. ರೋಗಿಗಳಿಗೆ ಔಷಧದ ವಿವರ ಮೇಲ್‌ನಲ್ಲಿ ಕಳಿಸುವ ಕೆಲಸವನ್ನು ಒಂದು ಆಸ್ಪತ್ರೆ ಅವನ ಮಾದಾಪುರದ ಕಂಪನಿಗೆ ಕೊಟ್ಟಿತ್ತು. ಬೇಕೆಂದವರಿಗೆ ಉರ್ದುವಿನಲ್ಲಿ. ಆ ಉರ್ದು ಭಾಗವನ್ನು ಕೂಡಿಸಿದವನು ಇವನೇ. ಉರ್ದುವಿನ ಒಂದಕ್ಷರವೂ ಬಾರದಿದ್ದರೂ ಗುಳಿಗೆಯ ಇಂಗ್ಲಿಷ್ ಹೆಸರು, ಪಕ್ಕದ ಅಂಕಿ ಗೊತ್ತಾಗುತ್ತಿದ್ದವು. ಕಾಲಿನ ಬಾವು ಇಳಿಯಲೆಂದು ಮೂತ್ರ ಹೋಗಿಸುವ ಗುಳಿಗೆ. ದಿಂಬಿನ ಹತ್ತಿರವಿದ್ದ ಡಾಕ್ಟರ ಚೀಟಿಯಲ್ಲಿ ಅದರ ಮುಂದೆ 1-0-0 ಎಂದಿತ್ತು: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಮೇಲ್‌ನಲ್ಲಿ 0-0-1.

ಅವನು ಎರಡನ್ನೂ ಪಕ್ಕಪಕ್ಕ ಹಿಡಿದ. "ಚಾಚಾ, ಉರ್ದು ಬಲದಿಂದ ಓದ್ತೀರಿ. ಈ ಅಂಕಿ?"

"ಅಕ್ಷರ ಬಲದಿಂದ, ಗುಳಿಗಿ ಎಡದಿಂದ. ಡಾಕ್ಟರ್ ಬರದಿದ್ದನ್ನ ಬಲದಿಂದ ಯಾರು ಓದ್ತಾರೋ?"

"ಇದು ಮುಂಜಾನಿ ಗುಳಿಗಿ ಚಾಚಾ. ರಾತ್ರಿ ತಗೋಬಾರದು. ತಪ್ಪು ನಂದು. ಇವತ್ತೇ ಡಾಕ್ಟರನ್ನ ಕೇಳ್ರಿ."

ಚಾಚಾ ಚೀಟಿಯನ್ನೂ ಫೋನನ್ನೂ ನೋಡಿದರು. ಆಮೇಲೆ ಇವನ ಮುಖ ನೋಡಿದರು. "ಹೊಲಿಗಿ ನಿನಗ ಬಿದ್ದಂಗ ಯಾಕ ನಿಂತೀ? ಹೋಗು, ಮೊದಲು ಸರಿ ಮಾಡು." ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಫೀಸಿನಲ್ಲಿ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಉರ್ದು ಅಕ್ಷರದ ಹಿಂದೆಯೇ ಬಂದ ಅಂಕಿಯ ಸಾಲನ್ನು ಕಂಪ್ಯೂಟರ್ ತಾನೂ ಬಲದಿಂದ ಜೋಡಿಸಿಬಿಟ್ಟಿತ್ತು. ಫೋನ್ ನಂಬರಿಗೆ, ಇಂಗ್ಲಿಷ್ ಹೆಸರಿಗೆ 'ಎಡದಿಂದಲೇ ತೋರಿಸು' ಎಂದು ಬರೆದಿದ್ದವನು ಗುಳಿಗೆಗೆ ಬರೆದಿರಲಿಲ್ಲ. ಪರೀಕ್ಷೆಗೆಂದು ಅವನು ಹಾಕಿ ನೋಡಿದ್ದು 1-0-1. ಅದು ಯಾವ ಕಡೆಯಿಂದ ನೋಡಿದರೂ ಅಷ್ಟೇ.

ತಂಡದ ಮುಖ್ಯಸ್ಥೆ ಅನುರಾಧಾ ರಾಯಚೂರಿನವಳು. ಎಲ್ಲ ಕೇಳಿ ಬಾಗಿಲು ಮುಂದೆ ಮಾಡಿದಳು.

"ದೂರು ಬಂದೈತೇನು?"

"ಇಲ್ರಿ."

"ಮತ್ಯಾಕ ಡಂಗುರ ಹೊಡೀತಿ? ಒಂದು ಸಾಲಿನ ಕೆಲಸ, ಸುಮ್ಮನ ಸರಿ ಮಾಡು. ಮುಂದಿನ ಮೇಲ್ ಚಲೋ ಹೋಗ್ತಾವ. ಆಸ್ಪತ್ರಿಯವರಿಗೆ ಗೊತ್ತಾದ್ರ ಕೆಲಸ ಕಸಗೋತಾರ. ನಿನ್ನ ನೌಕರಿ ನಾ ಉಳಿಸಾಕ ಆಗೂದಿಲ್ಲ."

"ಈಗಾಗಲೇ ಹೋದ ಮೇಲ್ ನೋಡೇ ಇವತ್ತು ರಾತ್ರಿನೂ ಗುಳಿಗಿ ನುಂಗ್ತಾರ್ರಿ. ದೂರು ಎಲ್ಲಿಂದ ಬರಬೇಕು? ಎಲ್ಲಾರೂ ವಯಸ್ಸಾತಂತ ಸುಮ್ಮನದಾರ."

ಅನುರಾಧಾ ತಡೆಯಲಿಲ್ಲ. ಬಸವಕಿರಣ ಆಸ್ಪತ್ರೆಗೆ ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದ. ಅವರಿಂದ ತಣ್ಣನೆಯ ಎರಡು ಸಾಲು ಬಂದವು: ಎಲ್ಲರಿಗೂ ಕೂಡಲೇ ಫೋನ್ ಮಾಡಿ ತಿಳಿಸಿ, ನಿಮ್ಮ ವಿಷಯ ಆಮೇಲೆ ನೋಡುತ್ತೇವೆ. ಅವನಿಗೆ ನಿಜಕ್ಕೂ ಭಯವಾಗಿತ್ತು. ಆದರೂ ಪಟ್ಟಿಯ ಮೊದಲ ನಂಬರು ಒತ್ತಿದ.

ಸುತ್ತ ಊಟದ ಡಬ್ಬಿಗಳು ತೆರೆಯುವ ಹೊತ್ತು. ಆ ಕಡೆ ರೋಗಿಯ ಸೊಸೆಯೆಂದು ಹೇಳಿಕೊಂಡ ಹೆಂಗಸೊಬ್ಬಳು ಎತ್ತಿಕೊಂಡಳು. ಔಷಧದ ವಿಷಯ, ನಿಮ್ಮ ಮಾವನವರ ಜೊತೆ ಮಾತಾಡಬೇಕು ಎಂದು ಇವನು ಹಿಂದಿಯಲ್ಲಿ ಹೇಳಿದ. ಅವಳು ದನಿ ತಗ್ಗಿಸಿದಳು.

"ರಾತ್ರಿಯೆಲ್ಲ ಬಚ್ಚಲಿಗೆ ಎದ್ದೆದ್ದು ಸಾಕಾಗಿ ಈಗಷ್ಟೇ ಮಲಗಿದ್ದಾರೆ. ಎಬ್ಬಿಸಲಾ?"