ನಳಿಕೆಯಲ್ಲಿ ನಿಂತ ಗುಂಡು

ಜೇನುಮೇಣ ಕರಗುವ ವಾಸನೆ ಬಂದರೆ ನನಗೆ ಇಂದಿಗೂ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಮನೆಯ ಗರಾಜು ನೆನಪಾಗುತ್ತದೆ. ಅಪ್ಪ ಅಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಆರಿದ ಗುಂಡುಗಳಿಗೆ ಮೇಣ ಸವರುತ್ತಿದ್ದರು. ಲಿವರ್ ಎಳೆದು ಹೊಡೆಯುವ ಅವರ ರೈಫಲ್ಲು ಬಹಳ ಹಳೆಯದು. ಅದು ತಡೆದುಕೊಳ್ಳಲೆಂದು ಮದ್ದಿನ ಪುಡಿ ಕಡಿಮೆ ಹಾಕಿ, ಗುಂಡು ನಿಧಾನವಾಗಿ ಹೋಗುವಂಥ ತೋಟಾಗಳನ್ನು ತಾವೇ ತಯಾರಿಸುತ್ತಿದ್ದರು.

ಒಂದು ಮಧ್ಯಾಹ್ನ ಅಮ್ಮನನ್ನೂ ನನ್ನನ್ನೂ ಶೂಟಿಂಗ್ ರೇಂಜಿಗೆ ಕರೆದೊಯ್ದರು. ಡಾಕ್ಟರಾಗಿದ್ದ ಅಮ್ಮನಿಗೆ ಬಂದೂಕೆಂದರೆ ಆಗುತ್ತಿರಲಿಲ್ಲ. ಆದರೂ ಹಿಂದಿನ ಬೆಂಚಿನಲ್ಲಿ ಕೂತು ಬೈನಾಕ್ಯುಲರ್‌ನಲ್ಲಿ ಗುರಿಯ ಹಾಳೆಯನ್ನೇ ನೋಡುತ್ತಿದ್ದರು. ಮೊದಲ ಗುಂಡುಗಳೆಲ್ಲ ಹಾಳೆಯ ನಡುವಿಗೇ ಬಿದ್ದವು. ಆಮೇಲೊಮ್ಮೆ ಟುಸ್ಸೆಂದು ಮೆತ್ತಗಿನ ಸದ್ದಾಯಿತು. ಅಪ್ಪ ಲಿವರ್ ಎಳೆದು ಮುಂದಿನ ತೋಟಾ ಒಳಗೆ ತಳ್ಳಿದರು.

"ರೀ, ಹೊಡೀಬೇಡಿ," ಎಂದರು ಅಮ್ಮ.

"ಪುಡಿ ಕಮ್ಮಿ ಕಣೆ, ಸೌಂಡೂ ಕಮ್ಮಿನೇ ಇರತ್ತೆ."

"ಹಾಳೇಲಿ ಹೊಸ ತೂತು ಬಿದ್ದಿಲ್ಲ."

"ಗುರಿ ತಪ್ಪಿರಬೇಕು."

"ಇಷ್ಟು ಹೊತ್ತು ಒಂದೂ ತಪ್ಪಿಲ್ಲ ನೀವು. ಬೆರಳು ತೆಗೀರಿ."

ಅಪ್ಪನ ಬೆರಳು ಟ್ರಿಗರ್ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಕೊನೆಗೆ ಅವರು ತೋಟಾಗಳನ್ನೆಲ್ಲ ಹೊರತೆಗೆದು, ನಳಿಕೆಯೊಳಗೆ ಸರಳು ತೂರಿಸಿದರು. ಸರಳು ಅರ್ಧದಲ್ಲೇ ನಿಂತಿತು. ಹಿಂದಿನ ಗುಂಡು ಅಲ್ಲೇ ಸಿಕ್ಕಿಕೊಂಡಿತ್ತು.

"ಇನ್ನೊಂದು ಹೊಡೆದಿದ್ರೆ ನಳಿಕೆ ಸಿಡೀತಿತ್ತು," ಎಂದರು ಅಪ್ಪ, ತಮಗೇ ಹೇಳಿಕೊಂಡಂತೆ.

ಅಮ್ಮ ಕಾರಿನ ಕೀ ಇಸಿದುಕೊಂಡರು. ಎರಡು ಮೈಲಿಯ ನಂತರ ಫ್ರೀವೇ ಅಂಚಿಗೆ ಕಾರು ನಿಲ್ಲಿಸಿ, ಅಪ್ಪನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳಿನ ಗೆಣ್ಣು ಒತ್ತಿ ನೋಡತೊಡಗಿದರು. ಪಕ್ಕದಲ್ಲಿ ಟ್ರಕ್ಕುಗಳು ಹೋದಾಗಲೆಲ್ಲ ಕಾರು ಅಲುಗುತ್ತಿತ್ತು.

"ನಂಗೇನೂ ಆಗಿಲ್ಲ ಕಣೆ," ಎಂದರು ಅಪ್ಪ.

"ಸುಮ್ನಿರಿ," ಎಂದು ಅಮ್ಮ ಮುಂದಿನ ಬೆರಳು ಹಿಡಿದರು.